ಅಂಗಡಿಯ ಹಳೇ ಬೆಕ್ಕಿಗೆ ಬಿಡದ ಸೀನು: ನಮ್ಮ ಗುಳಿಗೆ ಕೊಡೋ ಮೊದಲು ಇದನ್ನ ಓದಿ

ರೋಣ/ನರಗುಂದ/ಗಜೇಂದ್ರಗಡ: ಹೊರಗೆ ಹೊರಟಾಗ ಯಾರಾದ್ರೂ ಸೀನಿದರೆ ಅಪಶಕುನ, ಬೆಕ್ಕು ಅಡ್ಡ ಬಂದ್ರೂ ಅಪಶಕುನ. ಇನ್ನು ಬೆಕ್ಕೇ ಅಡ್ಡ ನಿಂತು ಸೀನಿದರೆ ಏನು ಲೆಕ್ಕ ಅಂತ ಯಾವ ಪಂಚಾಂಗದಾಗೂ ಇಲ್ಲ. ಆದರೆ ಕಿರಾಣಿ ಅಂಗಡಿ, ಅಡತಿ ಅಂಗಡಿ, ಗೋಡೌನ್‌ಗಳಲ್ಲಿ ಇಲಿ ಕಾಯಲಿ ಅಂತ ಸಾಕಿದ ಬೆಕ್ಕಿಗೆ ವಯಸ್ಸಾದ ಮೇಲೆ ಇಂಥ ಸೀನು ಅಂಟಿಕೊಳ್ಳೋದುಂಟು. ದಿನಾ ಸೀನು, ಮೂಗಿನಾಗ ಗೊರಗೊರ ಸಪ್ಪಳ, ಹಳದಿ ಸಿಂಬಳ, ಒಂದು ಕಣ್ಣಲ್ಲಿ ನೀರು. ಎಂಟು ದಿನ ಕಡಿಮೆ, ಮತ್ತೆ ಹದಿನೈದು ದಿನ ಜೋರು. ‘ನೆಗಡಿ ಆಗೇತಿ, ತಾನಾಗೇ ಹೋಗತೈತಿ’ ಅಂತ ಬಿಟ್ಟವರಿಗೆ ತಿಂಗಳಾದ್ರೂ ಅದು ಹೋಗೋದಿಲ್ಲ.

ಹೋಗದೇ ಇರೋಕೆ ಕಾರಣ ಐತಿ. ಇಂಥ ಬಹಳಷ್ಟು ಬೆಕ್ಕುಗಳಿಗೆ ಮರಿ ಇದ್ದಾಗಲೇ ಬೆಕ್ಕಿನ ಹರ್ಪಿಸ್ ವೈರಸ್ ಅಥವಾ ಕ್ಯಾಲಿಸಿ ವೈರಸ್ ತಗುಲಿರುತ್ತದೆ. ಆವಾಗ ನೆಗಡಿ ಬಂದು ಹೋದಂತೆ ಕಂಡರೂ ಹರ್ಪಿಸ್ ವೈರಸ್ ಮೈಯಿಂದ ಹೋಗಿರುವುದಿಲ್ಲ, ನರಗಳಲ್ಲಿ ಅಡಗಿ ಕೂತಿರುತ್ತದೆ. ಜಾಗ ಬದಲಾದರೆ, ಹೊಸ ಬೆಕ್ಕು ಬಂದರೆ, ಬೇರೆ ಕಾಯಿಲೆ ಬಂದರೆ ಮತ್ತೆ ತಲೆ ಎತ್ತುತ್ತದೆ. ಮೂಗಿನೊಳಗೆ ಸುರುಳಿ ಸುತ್ತಿದಂಥ ತೆಳು ಎಲುಬುಗಳಿರುತ್ತವೆ. ಒಳಗೆ ಹೋಗೋ ಗಾಳಿಯನ್ನ ಸೋಸಿ ಬೆಚ್ಚಗೆ ಮಾಡೋ ಕೆಲಸ ಅವುಗಳದು. ವೈರಸ್ ಅವನ್ನ ಕೆಡಿಸಿದರೆ ಮತ್ತೆ ಸರಿಹೋಗುವುದಿಲ್ಲ. ಅಲ್ಲಿ ಸಿಂಬಳ ನಿಲ್ಲುತ್ತದೆ, ನಿಂತಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬಾವಿಯ ಹೂಳು ತೆಗೆಯದೆ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದಂಗೆ, ಗುಳಿಗೆ ನುಂಗಿಸಿದಾಗ ನಾಲ್ಕು ದಿನ ಆರಾಮ, ಆಮೇಲೆ ಮತ್ತೆ ಅದೇ ಹಾಡು. ಹಾಗಾಗಿ ಇದು ಪೂರ್ತಿ ವಾಸಿ ಆಗೋದಕ್ಕಿಂತ ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳೋ ಕಾಯಿಲೆ. ಬೆಕ್ಕಿನ ಈ ವೈರಸ್‌ಗಳು ಮನುಷ್ಯರಿಗೆ ಅಂಟೋದಿಲ್ಲ, ಇನ್ನೊಂದು ಬೆಕ್ಕಿಗೆ ಅಂಟುತ್ತವೆ.

ಆದರೆ ಮುದಿ ಬೆಕ್ಕಿನ ಸೀನೆಲ್ಲಾ ಹಳೇ ನೆಗಡಿಯೇ ಅಂತ ತಿಳಿಯೋದು ತಪ್ಪು. ಹತ್ತು ವರ್ಷದ ಬೆಕ್ಕು ಅಂದರೆ ಮನುಷ್ಯರ ಲೆಕ್ಕಕ್ಕೆ ಐವತ್ತೈದು ದಾಟಿದಂಗೆ. ಆ ವಯಸ್ಸಿನಲ್ಲಿ ಹೊಸದಾಗಿ ಸೀನು ಶುರುವಾಗಿ, ಒಂದೇ ಹೊಳ್ಳೆಯಿಂದ ಸಿಂಬಳ ಅಥವಾ ರಕ್ತ ಬಂದರೆ, ಮೂಗಿನ ಮೇಲೆ ಬಾವು ಕಂಡರೆ, ಗಡ್ಡೆ ಅಥವಾ ಶಿಲೀಂಧ್ರದ ಸೋಂಕು ಇರಬಹುದು. ಮೇಲಿನ ಹಲ್ಲಿನ ಬೇರು ಕೊಳೆತು ಕೀವು ಮೂಗಿಗೆ ಇಳಿಯುವುದೂ ಉಂಟು. ಬಾಯಿ ನಾರುತ್ತಿದ್ದರೆ ಮೊದಲು ಹಲ್ಲು ತೋರಿಸಬೇಕು. ಹುಲ್ಲಿನ ಎಸಳು ಮೂಗಿನೊಳಗೆ ಸಿಕ್ಕಿಬಿದ್ದರೂ ಹೀಗೇ ಆಗುತ್ತದೆ.

ಈಗ ಮುಖ್ಯ ಮಾತು. ಮನೆಯಾಗಿರೋ ಪ್ಯಾರಾಸಿಟಮಾಲ್ ಗುಳಿಗೆಯನ್ನ ಬೆಕ್ಕಿಗೆ ಅರ್ಧ, ಕಾಲು ಅಂತಲೂ ಕೊಡಬಾರದು. ಮನುಷ್ಯರ ಲಿವರ್ ಈ ಔಷಧಿಯನ್ನ ಕರಗಿಸಿ ಹೊರಗೆ ಹಾಕುತ್ತದೆ, ಬೆಕ್ಕಿನ ಲಿವರ್‌ಗೆ ಆ ಶಕ್ತಿ ಬಹಳ ಕಡಿಮೆ. 500 ಮಿಲಿಗ್ರಾಂನ ಒಂದೇ ಗುಳಿಗೆ ಬೆಕ್ಕನ್ನ ಕೊಲ್ಲಬಹುದು. ರಕ್ತ ಆಮ್ಲಜನಕ ಹೊರೋದು ನಿಲ್ಲಿಸುತ್ತದೆ, ಒಸಡು ನೀಲಿ ಇಲ್ಲಾ ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಬಾಯುತ್ತದೆ. ನೆಗಡಿಗೆಂದು ಮಾರೋ ಬಹುತೇಕ ಗುಳಿಗೆಗಳಲ್ಲಿ ಇದೇ ಪ್ಯಾರಾಸಿಟಮಾಲ್ ಇರುತ್ತದೆ, ಹೆಸರು ಮಾತ್ರ ಬೇರೆ. ತಿಳಿಯದೆ ಕೊಟ್ಟಿದ್ದರೆ ‘ನೋಡೋಣ’ ಅನ್ನದೆ ತಕ್ಷಣ ದನದ ದವಾಖಾನೆಗೆ ಒಯ್ಯಬೇಕು. ವಿಕ್ಸ್ ಥರದ ಮುಲಾಮು, ಕರ್ಪೂರ, ನೀಲಗಿರಿ ಎಣ್ಣೆ ಕೂಡ ಬೇಡ. ಬೆಕ್ಕು ಮೈ ನೆಕ್ಕೋ ಪ್ರಾಣಿ, ಹಚ್ಚಿದ್ದೆಲ್ಲಾ ಹೊಟ್ಟೆಗೇ ಹೋಗುತ್ತದೆ.

ಮೆಡಿಕಲ್ ಅಂಗಡಿಯಾಗ ಇನ್ನೊಂದು ಎಡವಟ್ಟು ಆಗಬಹುದು. ಮೂಗಿನ ಹನಿ ಅಂತ ಕೇಳಿದರೆ ಎರಡು ಥರದ್ದು ಸಿಗುತ್ತದೆ. ಒಂದು ಸಾದಾ ಉಪ್ಪುನೀರಿನದು, ಸಲೈನ್. ಇನ್ನೊಂದು ಮೂಗು ಬಿಡಿಸೋ ಔಷಧಿ ಇದ್ದದ್ದು. ಎರಡನೆಯದು ಬೆಕ್ಕಿಗೆ ಅಪಾಯ. ಬಾಟಲಿ ಒಂದೇ ಥರ ಕಾಣುವುದರಿಂದ ಹೆಸರು ಓದಿಸಿಕೊಂಡೇ ತರಬೇಕು. ಸಲೈನ್‌ನ ಒಂದೆರಡು ಹನಿ ಹೊಳ್ಳೆಗೆ ಬಿಟ್ಟರೆ ಗಟ್ಟಿ ಸಿಂಬಳ ಸಡಿಲ ಆಗುತ್ತದೆ. ಬೆಕ್ಕು ಸಿಟ್ಟಾಗುತ್ತದೆ, ಆಮೇಲೆ ಜೋರಾಗಿ ಸೀನುತ್ತದೆ. ಸೀನಲಿ, ಹೊರಗೆ ಬರಬೇಕಾದ್ದು ಬರುತ್ತದೆ.

ಖರ್ಚಿಲ್ಲದ ಉಪಾಯ ಉಗಿ. ಬಚ್ಚಲ ಮನೆಯಾಗ ಬಕೀಟಿನಲ್ಲಿ ಕುದಿನೀರು ಇಟ್ಟು, ಬಾಗಿಲು ಹಾಕಿ, ಬೆಕ್ಕನ್ನ ದೂರದಾಗ ಬುಟ್ಟಿಯಲ್ಲಿ ಕೂರಿಸಿಕೊಂಡು ಹತ್ತು–ಹದಿನೈದು ನಿಮಿಷ ಇರೋದು. ನೀರಿಗೆ ಏನೂ ಹಾಕಬಾರದು, ಮುಖಕ್ಕೆ ಬಟ್ಟೆ ಮುಚ್ಚಿ ಹಿಡಿಯಬಾರದು. ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಅರಳೆಯಿಂದ ಮೂಗು, ಕಣ್ಣು ಒರೆಸಿದರೆ ಸಾಕು.

ಬೆಕ್ಕು ಉಣ್ಣೋದು ಮೂಗಿನಿಂದ ಅಂದರೂ ನಡೆಯುತ್ತದೆ. ವಾಸನೆ ಹತ್ತದಿದ್ದರೆ ತಟ್ಟೆ ಮುಂದಿಟ್ಟರೂ ಮುಟ್ಟೋದಿಲ್ಲ. ಬೇಯಿಸಿದ ಕೋಳಿ, ಮೀನು, ತತ್ತಿ ಏನೇ ಇರಲಿ, ಸ್ವಲ್ಪ ಬೆಚ್ಚಗೆ ಮಾಡಿ ಕೊಟ್ಟರೆ ವಾಸನೆ ಏಳುತ್ತದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಸಾರು ಮಾತ್ರ ಕೊಡಬೇಡಿ, ಬೆಕ್ಕಿನ ರಕ್ತ ಕೆಡಿಸುತ್ತದೆ. ಎರಡು ದಿನ ಏನೂ ತಿನ್ನದಿದ್ದರೆ ಕಾಯಬಾರದು. ಉಪವಾಸ ಬಿದ್ದ ಬೆಕ್ಕಿನ ಲಿವರ್‌ಗೆ ಕೊಬ್ಬು ತುಂಬಿಕೊಂಡು ಅದೇ ಪ್ರಾಣಕ್ಕೆ ಬರುತ್ತದೆ, ಮೈ ತುಂಬಿದ ಬೆಕ್ಕಿಗೆ ಇನ್ನೂ ಬೇಗ.

ನಮ್ಮ ಕಡೆ ದೂಳಿನದೇ ಒಂದು ಕಥೆ. ಹೆಸರು, ಕಡಲಿ ರಾಶಿ ಹೊತ್ತಿನಲ್ಲಿ ಹೊಟ್ಟು ಹಾರುತ್ತದೆ. ಗಜೇಂದ್ರಗಡದ ಮಗ್ಗದ ಮನೆಗಳಲ್ಲಿ ನೂಲಿನ ದೂಳು, ಗಿರಣಿಯಲ್ಲಿ ಹಿಟ್ಟು, ಕಿರಾಣಿಯಲ್ಲಿ ಮೆಣಸಿನಕಾಯಿ ಘಾಟು. ಇದರ ಮೇಲೆ ಮುಂಜಾನೆ ಊದಿನಕಡ್ಡಿ, ಲೋಬಾನ, ರಾತ್ರಿ ಸೊಳ್ಳೆ ಬತ್ತಿ. ಕೆಟ್ಟ ಮೂಗಿಗೆ ಇದೆಲ್ಲಾ ಉರಿ. ಅಂಗಡಿ ಬಂದ್ ಮಾಡೋಕಾಗಲ್ಲ, ಆದರೆ ಬೆಕ್ಕು ಮಲಗೋ ಜಾಗವನ್ನ ಚೀಲದ ರಾಶಿಯಿಂದ ದೂರ ಮಾಡಬಹುದು. ಕಾಳಿಗೆ ಹುಳ ಹತ್ತದಂತೆ ಗುಳಿಗೆ ಇಡೋ ರಾತ್ರಿ ಬೆಕ್ಕು ಒಳಗೆ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಕೀಲಿ ಹಾಕಬೇಕು. ಆ ಗ್ಯಾಸ್ ಮನುಷ್ಯರನ್ನೂ ಬಿಡೋದಿಲ್ಲ.

ಡಾಕ್ಟರು ಆಂಟಿಬಯೋಟಿಕ್ ಬರೆದುಕೊಟ್ಟರೆ ಹೇಳಿದಷ್ಟು ದಿನ ಹಾಕಬೇಕು, ಹಳೇ ಸೈನಸ್‌ಗೆ ಅದು ವಾರಗಟ್ಟಲೆ ನಡೆಯಬಹುದು. ಡಾಕ್ಸಿಸೈಕ್ಲಿನ್ ಗುಳಿಗೆ ಆದರೆ ಒಣದಾಗಿ ನುಂಗಿಸಬೇಡಿ. ಗಂಟಲ ಕೆಳಗೆ ಸಿಕ್ಕಿಕೊಂಡರೆ ಅನ್ನನಾಳ ಸುಡುತ್ತದೆ. ಹಿಂದೆಯೇ ಸಿರಿಂಜ್‌ನಲ್ಲಿ ಐದಾರು ಮಿಲಿ ನೀರನ್ನ ಬಾಯಿಯ ಪಕ್ಕದಿಂದ ನಿಧಾನ ಕುಡಿಸಬೇಕು. ಲೈಸಿನ್ ಪುಡಿಯ ಹೆಸರೂ ಕೇಳಿಬರುತ್ತದೆ, ಅದರಿಂದ ಉಪಯೋಗ ಆಗೋದು ಸಂಶೋಧನೆಗಳಲ್ಲಿ ಕಂಡಿಲ್ಲ. ರೊಕ್ಕ ಉಳಿಸಿಕೊಳ್ಳಿ. ಅಂಗಡಿಗೆ ಹೊಸ ಮರಿ ತಂದರೆ ಎರಡು ತಿಂಗಳಿನ ಹೊತ್ತಿಗೇ ಲಸಿಕೆ ಶುರು ಮಾಡಿಸಬೇಕು. ಅದು ಹಳೇ ಬೆಕ್ಕಿನ ವೈರಸ್ ತೆಗೆಯೋದಿಲ್ಲ, ಮರಿಯ ಕಾಯಿಲೆ ಜೋರಾಗದಂತೆ ತಡೆಯುತ್ತದೆ.

ತಾಲೂಕಿನ ಪಶು ಆಸ್ಪತ್ರೆಗೆ ಒಯ್ಯುವಾಗ ಸೀನೋದರ ವಿಡಿಯೋ ಮೊಬೈಲ್‌ನಾಗ ಇರಲಿ, ಡಾಕ್ಟರ ಮುಂದೆ ಬೆಕ್ಕು ಸೀನೋದೇ ಇಲ್ಲ. ಅಲ್ಲಿ ತಿಳಿಯದಿದ್ದರೆ ಗದಗದಾಗ ಪಶುವೈದ್ಯಕೀಯ ಕಾಲೇಜು ಐತಿ. ಬಾಯಿ ತೆರೆದು ಉಸಿರಾಡುತ್ತಿದ್ದರೆ ಅದೇ ಗಳಿಗೆಗೆ ಹೊರಡಬೇಕು. ಗುಳಿಗೆ ಹಾಕುವಾಗ ಬೆಕ್ಕು ಕಚ್ಚಿದರೆ, ಪರಚಿ ರಕ್ತ ಬಂದರೆ, ಸಾಬೂನು ಹಚ್ಚಿ ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೆದು ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಸೂಜಿ ಕೇಳಿ.