ಕಾಲಯಂತ್ರದ ಹಿಂದಿನ ಏಳು ವರ್ಷ

ಹರ್ಬರ್ಟ್ ಜಾರ್ಜ್ ವೆಲ್ಸನ ಕೀರ್ತಿಗೆ ಮೊದಲಾದ ‘ದಿ ಟೈಮ್ ಮೆಷೀನ್’ 1895ರಲ್ಲಿ ಪ್ರಕಟವಾದಾಗ, ಅದು ಹೊಸ ಲೇಖಕನೊಬ್ಬನಿಗೆ ಹಠಾತ್ತನೆ ಹೊಳೆದ ಕಲ್ಪನೆಯೆಂದು ಓದುಗರಿಗೆ ತೋರಿರಬಹುದು. ಆದರೆ ಅದರ ಹಿಂದೆ ಏಳು ವರ್ಷಗಳ ತಿದ್ದುವಿಕೆಯೂ, ಅದಕ್ಕೂ ಹಿಂದೆ ಬಡತನದ ಬಾಲ್ಯವೊಂದೂ ಇದ್ದುವು.

1866ರಲ್ಲಿ ಕೆಂಟ್ ಪ್ರಾಂತದ ಬ್ರಾಮ್ಲಿಯಲ್ಲಿ ವೆಲ್ಸನು ಹುಟ್ಟಿದನು. ತಂದೆಯದು ಪಿಂಗಾಣಿ ಸಾಮಾನಿನ ಅಂಗಡಿ. ಅದರ ಹುಟ್ಟುವಳಿ ಸಾಲದೆ ಆತನು ಹಣಕ್ಕಾಗಿ ಕ್ರಿಕೆಟ್ ಆಡುತ್ತಿದ್ದನು. ತೊಡೆಯ ಮೂಳೆ ಮುರಿದು ಆ ಸಂಪಾದನೆಯೂ ನಿಂತುಹೋಗಲು, ತಾಯಿಯು 1880ರಲ್ಲಿ ಸಸೆಕ್ಸಿನ ಅಪ್‌ಪಾರ್ಕ್ ಎಂಬ ಶ್ರೀಮಂತರ ಸೌಧದಲ್ಲಿ ಗೃಹಕೃತ್ಯದ ಮೇಲ್ವಿಚಾರಣೆಗೆ ಸೇರಿದಳು. ಅಲ್ಲಿ ಪಾಕಶಾಲೆ ಮೊದಲಾದವು ಪ್ರತ್ಯೇಕ ಕಟ್ಟಡಗಳಲ್ಲಿದ್ದು, ಸೇವಕರು ಒಡೆಯರ ಕಣ್ಣಿಗೆ ಬೀಳದಂತೆ ನೆಲದಡಿಯ ಸುರಂಗಗಳಲ್ಲಿಯೇ ಓಡಾಡುತ್ತಿದ್ದರು. ಮೇಲ್ಗಡೆಯ ಗ್ರಂಥಭಂಡಾರದಲ್ಲಿ ಬಾಲಕ ವೆಲ್ಸನು ಪ್ಲೇಟೋವನ್ನೂ ಸ್ವಿಫ್ಟನನ್ನೂ ಓದಿದನು. ಮುಂದೆ ತನ್ನ ಕಾದಂಬರಿಯ 802701ನೆಯ ಇಸವಿಯಲ್ಲಿ, ಬೆಳಕಿನಲ್ಲಿ ಆಲಸ್ಯದಿಂದ ನಲಿಯುವ ಎಲಾಯ್ ಜನರನ್ನೂ, ಭೂಗರ್ಭದ ಕತ್ತಲೆಯಲ್ಲಿ ಯಂತ್ರಗಳನ್ನು ನಡೆಯಿಸುವ ಮಾರ್ಲಾಕರನ್ನೂ ಅವನು ಕಂಡನಾದರೆ, ಆ ದರ್ಶನಕ್ಕೆ ಬೇಕಾದ ಸಾಮಗ್ರಿಯು ತಾಯಿಯ ಊಳಿಗದ ಮನೆಯಲ್ಲಿಯೇ ದೊರೆತಿತ್ತೆಂದು ನಾನು ನಂಬುತ್ತೇನೆ.

ದಿನಕ್ಕೆ ಹದಿಮೂರು ಗಂಟೆ ದುಡಿಸುತ್ತಿದ್ದ ಜವಳಿ ಅಂಗಡಿಯ ಉಮೇದುವಾರಿಯನ್ನು ತೊರೆದು, ವಿದ್ಯಾರ್ಥಿವೇತನದ ಬಲದಿಂದ 1884ರಲ್ಲಿ ಲಂಡನ್ನಿನ ವಿಜ್ಞಾನಶಾಲೆಯನ್ನು ಸೇರಿದ ಅವನಿಗೆ, ಡಾರ್ವಿನ್ನನ ಸಮರ್ಥಕನಾದ ಹಕ್ಸ್‌ಲಿಯೇ ಜೀವಶಾಸ್ತ್ರದ ಗುರುವಾದನು. ವಿಕಾಸವೆಂದರೆ ಊರ್ಧ್ವಗತಿಯೊಂದೇ ಅಲ್ಲ, ಅಧೋಗತಿಯೂ ಆಗಬಲ್ಲುದೆಂಬ ಅರಿವನ್ನು ವೆಲ್ಸನು ಆ ಶಾಸ್ತ್ರದಿಂದ ಪಡೆದನು; ಕಾದಂಬರಿಯ ಕೊನೆಯಲ್ಲಿ ಆರಿಹೋಗುತ್ತಿರುವ ಕೆಂಪು ಸೂರ್ಯನ ಕೆಳಗಣ ನಿರ್ಜನವಾದ ಕಡಲತೀರವನ್ನು ಓದಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕಥೆಯ ಮೊದಲ ರೂಪವು 1888ರಲ್ಲಿ, ಅವನು ಗೆಳೆಯರೊಡನೆ ಹುಟ್ಟುಹಾಕಿದ್ದ ವಿದ್ಯಾರ್ಥಿಪತ್ರಿಕೆಯಲ್ಲಿ ‘ದಿ ಕ್ರಾನಿಕ್ ಆರ್ಗೊನಾಟ್ಸ್’ ಎಂಬ ಹೆಸರಿನಿಂದ ಹೊರಬಂದು, ಮೂರು ಕಂತುಗಳಿಗೆ ನಿಂತಿತು. ಪುನಃ ಪುನಃ ಬರೆದ ಮೇಲೆ, 1894ರಲ್ಲಿ ಸಂಪಾದಕ ಹೆನ್ಲಿಯು ಅದನ್ನು ಬಿಡಿ ಲೇಖನಗಳಾಗಿ ಅಚ್ಚುಹಾಕಿಸಿ, ಅನಂತರ ತನ್ನ ಹೊಸ ಪತ್ರಿಕೆಗಾಗಿ ಅಖಂಡವಾದ ಕಥೆಯನ್ನಾಗಿ ಮಾಡಿಕೊಡೆಂದು ಕೇಳಿದನು. ಆ ಬೇಸಗೆಯಲ್ಲಿ ಸೆವೆನೋಕ್ಸ್ ಊರಿನ ಬಾಡಿಗೆಯ ಕೋಣೆಯಲ್ಲಿ, ತೆರೆದ ಕಿಟಕಿಯ ಬಳಿ ನಡುರಾತ್ರಿಯವರೆಗೂ ಅವನು ಬರೆಯುತ್ತಿರಲು, ದೀಪವನ್ನು ಇಷ್ಟು ಹೊತ್ತು ಉರಿಸಬಹುದೇ ಎಂದು ಮನೆಯೊಡತಿಯು ಹೊರಗಿನ ಕತ್ತಲೆಯಲ್ಲಿ ನಿಂತು ಗೊಣಗುತ್ತಿದ್ದಳಂತೆ. ಆ ಕಥೆಗೆ ಹೆನ್ಲಿಯ ಪತ್ರಿಕೆಯಿಂದ ನೂರು ಪೌಂಡು ಬಂದಿತು.

ಮುಂದೆ 1946ರಲ್ಲಿ ತೀರಿಕೊಳ್ಳುವವರೆಗೂ ವೆಲ್ಸನು ಹೇರಳವಾಗಿ ಬರೆದನು. ಆದರೆ ಅಡಕದಲ್ಲಿಯಾಗಲಿ ಗಾಂಭೀರ್ಯದಲ್ಲಿಯಾಗಲಿ ಈ ಪುಟ್ಟ ಪುಸ್ತಕವನ್ನು ಮೀರಿಸುವ ಮತ್ತೊಂದನ್ನು ಅವನು ಬರೆಯಲಿಲ್ಲವೆಂಬುದೇ ನನ್ನ ಅಭಿಪ್ರಾಯ.