‘ಆಕಿಗೆ ಗೊತ್ತೈತಿ ಬಿಡು’

ನಮ್ಮ ಆಯಿಗೆ ಎಪ್ಪತ್ತು ದಾಟಿದೆ. ಸಹಿ ಮಾಡಲು ಬರುತ್ತದೆ, ಓದಲು ಬರುವುದಿಲ್ಲ. ದಿನಕ್ಕೆ ಹತ್ತು ಸಲ ಆಕೆಯ ಬಾಯಲ್ಲಿ ಬರುವ ಮಾತು ಒಂದೇ: ‘ಆಕಿಗೆ ಗೊತ್ತೈತಿ ಬಿಡು.’ ಆಕಿ ಅಂದರೆ ಸವದತ್ತಿಯ ಏಳುಕೊಳ್ಳದ ಯಲ್ಲಮ್ಮ. ಎಮ್ಮೆ ಹಾಲು ಕಡಿಮೆ ಮಾಡಿದರೂ ಆಕಿಗೆ ಗೊತ್ತು, ನನ್ನ ಮ್ಯಾಥ್ಸ್ ಬ್ಯಾಕ್ ಉಳಿದರೂ ಆಕಿಗೆ ಗೊತ್ತು. (ಅದು ಅಪ್ಪನಿಗಿಂತ ಮೊದಲು ಯಲ್ಲಮ್ಮನಿಗೆ ಗೊತ್ತಾಗಿತ್ತು ಎನ್ನುವುದೇ ನನಗೊಂದು ಸಮಾಧಾನ!) ಚಿಕ್ಕವನಿದ್ದಾಗ ಈ ಮಾತು ಕೇಳಿ ನಗು ಬರುತ್ತಿತ್ತು. 2019ರ ಆಗಸ್ಟ್ ನಂತರ ಸಿಟ್ಟು ಬರತೊಡಗಿತು.

ನಾವಿರುವುದು ಬೈಲಹೊಂಗಲದಲ್ಲಿ. ಅವ್ವನ ತವರುಮನೆ ರಾಮದುರ್ಗ ತಾಲ್ಲೂಕಿನಲ್ಲಿ, ಮಲಪ್ರಭೆಯ ದಂಡೆಯ ಮೇಲಿನ ಒಂದು ಊರು. ಹಳೆಯ ಮಾಳಿಗೆ ಮನೆ, ಎರಡು ಎಮ್ಮೆ, ಮೂರು ಎಕರೆ ಹೊಲ. ಅದಕ್ಕೂ ಹಿಂದಿನ ವರ್ಷಗಳು ಬರದವು. ಮಹದಾಯಿ ನೀರು ಮಲಪ್ರಭೆಗೆ ಬರಲಿ ಎಂದು 2015ರಲ್ಲಿ ನರಗುಂದದಲ್ಲಿ ರೈತರು ಧರಣಿ ಕುಳಿತಿದ್ದನ್ನು ಟಿ.ವಿ.ಯಲ್ಲಿ ನೋಡುತ್ತ ನಮ್ಮ ಮುತ್ಯಾ, ‘ಹೊಳಿ ತುಂಬಿ ಹರದರ ಗುಡ್ಡಕ್ಕ ಬಂದು ಉಡಿ ತುಂಬತೀನಿ’ ಎಂದು ಯಲ್ಲಮ್ಮನಿಗೆ ಹರಕೆ ಹೊತ್ತಿದ್ದ.

ಹೊಳೆ ತುಂಬಿತು. ಎಷ್ಟು ತುಂಬಿತೆಂದರೆ ರಾಮದುರ್ಗ ಪೇಟೆಯೊಳಗೇ ನೀರು ನುಗ್ಗಿತು. ನೇಕಾರರ ಮಗ್ಗದ ಕುಣಿಗಳಲ್ಲಿ ನೀರು ನಿಂತಿತು. ಮುನವಳ್ಳಿ ಕಡೆಯೂ ಅದೇ ಪರಿಸ್ಥಿತಿ. ಕೆಳಗೆ ಪಟ್ಟದಕಲ್ಲಿನ ಗುಡಿಗಳೇ ನೀರಲ್ಲಿ ನಿಂತವು. ಆಯಿ, ಮುತ್ಯಾ ಉಟ್ಟ ಬಟ್ಟೆಯಲ್ಲೇ ಎಮ್ಮೆಗಳ ಹಗ್ಗ ಬಿಚ್ಚಿ ಏರು ಜಾಗಕ್ಕೆ ಓಡಿದರು. ಒಂದು ಎಮ್ಮೆ ಬರಲಿಲ್ಲ. ಜೋಳದ ಚೀಲ, ಅವ್ವನ ಮದುವೆಯ ಟ್ರಂಕು, ಮುತ್ಯಾನ ತಂದೆಯ ಫೋಟೊ ಎಲ್ಲ ಹೊಳೆಯ ಪಾಲು. ಹದಿನೈದು ದಿನ ಶಾಲೆಯೊಂದರ ಗಂಜಿ ಕೇಂದ್ರದಲ್ಲಿದ್ದರು. ನಾನಾಗ ಒಂಬತ್ತನೇ ತರಗತಿ. ಅಪ್ಪನ ಜತೆ ಹೋದಾಗ ಮುತ್ಯಾ ಒಂದು ಸ್ಟೀಲ್ ತಾಟು ಹಿಡಿದು ಅನ್ನಕ್ಕೆ ಪಾಳಿಯಲ್ಲಿ ನಿಂತಿದ್ದ. ನನ್ನನ್ನು ನೋಡಿ ತಾಟು ಬೆನ್ನ ಹಿಂದೆ ಮಾಡಿದ. ವರ್ಷಕ್ಕೊಮ್ಮೆ ಇಡೀ ಓಣಿಗೆ ಹೋಳಿಗೆ ಊಟ ಹಾಕಿಸುತ್ತಿದ್ದ ಮನುಷ್ಯ ಆತ.

ಆಮೇಲೆ ಸರ್ವೆ. ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದು ಈ ಭಾಗದವರಿಗೆಲ್ಲ ನೆನಪಿದೆ. ಪೂರ್ತಿ ಬಿದ್ದರೆ ‘ಎ’, 5 ಲಕ್ಷ. ಸ್ವಲ್ಪ ಬಿದ್ದರೆ ‘ಸಿ’, 50 ಸಾವಿರ. ನಮ್ಮವರ ಮನೆಯ ಎರಡು ಗೋಡೆ ಇನ್ನೂ ನಿಂತಿದ್ದವು. ನೋಡಲು ಬಂದವರು ‘ಸಿ’ ಎಂದು ಬರೆದುಕೊಂಡು ಹೋದರು. ಮುಂದಿನ ಮಳೆಗೆ ಆ ಎರಡೂ ಬಿದ್ದವು. ಬಿದ್ದ ಗೋಡೆಯ ಫೋಟೊ, ಪಹಣಿ, ಆಧಾರ್, ಪಾಸ್‌ಬುಕ್ಕಿನ ಝೆರಾಕ್ಸ್ ಹಿಡಿದು ಮುತ್ಯಾ ಎಷ್ಟು ಸಲ ತಿರುಗಿದನೋ ಲೆಕ್ಕವಿಲ್ಲ. ದೀಪಾವಳಿ ಮುಗಿದ ಮೇಲೆ ಬಾಡಿಗೆ ಖೋಲಿಯಲ್ಲಿ ಒಂದು ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಹರಕೆ ಹಾಗೇ ಉಳಿಯಿತು.

ಮಣ್ಣು ಕೊಡಲು ಬಂದಿದ್ದ ಹಿರಿಯರೊಬ್ಬರು, ‘ಎಲ್ಲಾ ಹಿಂದಿನ ಜನ್ಮದ ಕರ್ಮ, ಅನುಭವಿಸಬೇಕು’ ಎಂದರು. ಸಮಾಧಾನ ಹೇಳಲು ಬಂದವರೇ, ಬೈಯಲು ಅಲ್ಲ. ಆದರೆ ಹೊಳೆದಂಡೆಯ ಅಷ್ಟೂ ಊರಿನ ಜನ ಒಟ್ಟಿಗೆ ಪಾಪ ಮಾಡಿದ್ದರೇ? ಬರಲಾರದ ಆ ಎಮ್ಮೆ ಏನು ಮಾಡಿತ್ತು? ಆ ದಿನ ನಾನು ಆಯಿಗೆ ನೇರ ಕೇಳಿಬಿಟ್ಟೆ: ‘ಆಯಿ, ನಿನ್ನ ಯಲ್ಲಮ್ಮಗ ಎಲ್ಲಾ ಗೊತ್ತಿತ್ತಲ್ಲ, ಮತ್ಯಾಕ ಸುಮ್ಮನಿದ್ಲು?’ ಆಯಿ ಉತ್ತರ ಕೊಡಲಿಲ್ಲ. ನನ್ನ ತಲೆ ಸವರಿ, ‘ಹೊಸ್ತಿಲ ಹುಣ್ಣಿಮಿಗೆ ನನ್ನ ಗುಡ್ಡಕ್ಕ ಕರಕೊಂಡು ಹೋಗು’ ಎಂದಳು.

ಹೊಸ್ತಿಲ ಹುಣ್ಣಿಮೆಯಂದು ಯಲ್ಲಮ್ಮ ವಿಧವೆಯಾಗುತ್ತಾಳೆ. ಗಂಡ ಜಮದಗ್ನಿಯ ಸಾವಿನ ನೆನಪಿಗೆ ದೇವಿಯ ಬಳೆ, ತಾಳಿ ತೆಗೆಯುವ ಪದ್ಧತಿ. ಆ ಡಿಸೆಂಬರಿನಲ್ಲಿ ಗುಡ್ಡದ ತುಂಬ ಜನ, ಭಂಡಾರ, ‘ಉಧೋ ಉಧೋ’. ಕೊರಳು ಬರಿದಾಗಿ ಒಂದು ತಿಂಗಳಾಗಿದ್ದ ಆಯಿ ಜನರ ನಡುವೆ ನಿಂತು ಅಳುತ್ತಿದ್ದಳು. ಇಳಿಯುವಾಗ ಮೆಟ್ಟಿಲ ಮೇಲೆ ಕುಳಿತು ನನ್ನ ಪ್ರಶ್ನೆಗೆ ಉತ್ತರ ಹೇಳಿದಳು. ‘ತಮ್ಮಾ, ಆಕಿ ಇದೇ ಮಲಪ್ರಭಿಯಿಂದ ಉಸುಕಿನ ಕೊಡದಾಗ ನೀರು ಹೊತ್ತಾಕಿ. ಗಂಡ ಸಂಶಯ ಮಾಡಿದ, ಹೊಟ್ಟ್ಯಾಗ ಹುಟ್ಟಿದ ಮಗಾನ ಕುತ್ತಿಗಿ ಕಡದ. ಆಮ್ಯಾಲ ಗಂಡನೂ ಹ್ವಾದ. ಆಕಿಗೆ ಗೊತ್ತೈತಿ ಅಂದ್ರ ಇದು. ಮ್ಯಾಲ ಕುಂತು ಲೆಕ್ಕಾ ಬರದು ಗೊತ್ತಾಗಿದ್ದಲ್ಲ, ಅನುಭವಿಸಿ ಗೊತ್ತಾಗಿದ್ದು.’

ಅಲ್ಲಿಯವರೆಗೆ ನಾನು ದೇವರ ಜ್ಞಾನ ಎಂದರೆ ಸಿ.ಸಿ. ಟಿ.ವಿ. ಕ್ಯಾಮೆರಾ ಎಂದುಕೊಂಡಿದ್ದೆ. ಎಲ್ಲ ನೋಡುತ್ತದೆ, ಏನೂ ಮಾಡುವುದಿಲ್ಲ. ಆಯಿಯ ಲೆಕ್ಕವೇ ಬೇರೆ ಇತ್ತು. ಅದರಿಂದ ನನ್ನ ಪ್ರಶ್ನೆ ಮುಗಿಯಿತು ಎಂದರೆ ಸುಳ್ಳಾಗುತ್ತದೆ. ಸುಮ್ಮನಿದ್ದದ್ದೇಕೆ ಎನ್ನುವುದು ಇನ್ನೂ ಹಾಗೇ ಇದೆ. ಆದರೆ ಕರ್ಮ ಎಂದವರ ಮಾತಿಗಿಂತ ಈ ಮಾತು ಹೆಚ್ಚು ಪ್ರಾಮಾಣಿಕ ಅನಿಸಿತು. ನೊಂದವಳ ಮೇಲೆ ಇನ್ನೊಂದು ಅಪರಾಧ ಹೊರಿಸುವುದಿಲ್ಲ ಇದು.

‘ದೇವರಿಗೆ ಗೊತ್ತು’ ಎಂಬ ಮಾತು ಅಪಾಯದ್ದೂ ಹೌದು. ಇದೇ ಗುಡ್ಡದ ಹೆಸರಿನಲ್ಲಿ ತಲೆಯಲ್ಲಿ ಜಟೆ ಬಂದ ಬಡವರ ಮನೆಯ ಹುಡುಗಿಯರಿಗೆ ಮುತ್ತು ಕಟ್ಟಿದರು, ದೇವಿಯ ಇಚ್ಛೆ ಎಂದರು. ದೇವದಾಸಿ ಪದ್ಧತಿಯನ್ನು ನಿಷೇಧಿಸಲು 1982ರಲ್ಲಿ ರಾಜ್ಯ ಕಾನೂನು ತರಬೇಕಾಯಿತು. ಮನುಷ್ಯ ಮಾಡಿದ ಅನ್ಯಾಯಕ್ಕೆ ದೇವಿಯ ಸಹಿ ಹಾಕಿಸಿಕೊಂಡದ್ದು ಅದು.

ನಿಧಾನಕ್ಕೆ ಸಿಗುವ ನ್ಯಾಯದ ಬಗ್ಗೆಯೂ ನನಗೆ ತಕರಾರಿದೆ. ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿ ದಾಟಿಯೇ ನಾನು ಬಸ್ಸಿಗೆ ಹೋಗುವುದು. 1824ರ ಅಕ್ಟೋಬರಿನಲ್ಲಿ ಕಿತ್ತೂರಿನಲ್ಲಿ ಗೆದ್ದ ರಾಣಿ, ಎರಡನೇ ಯುದ್ಧದಲ್ಲಿ ಸೆರೆ ಸಿಕ್ಕು, ನಮ್ಮೂರಿನ ಕೋಟೆಯಲ್ಲೇ ಬಂದಿಯಾಗಿದ್ದು 1829ರಲ್ಲಿ ತೀರಿಕೊಂಡಳು. ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಈಗ ಉತ್ಸವ, ಪ್ರತಿಮೆ, ಜಯಘೋಷ ಎಲ್ಲ ಇದೆ. ಕೊನೆಗೂ ನ್ಯಾಯ ಸಿಕ್ಕಿತು ಎಂದು ಭಾಷಣ ಮಾಡುತ್ತೇವೆ. ಸೆರೆಯಲ್ಲಿದ್ದ ಆ ವರ್ಷಗಳಲ್ಲಿ ಆಕೆಗೆ ಅದು ಗೊತ್ತಿತ್ತೇ? ನಮ್ಮ ಮುತ್ಯಾನಿಗಂತೂ ಬೇಕಿದ್ದದ್ದು ಇತಿಹಾಸದ ನ್ಯಾಯವಲ್ಲ, ನಾಲ್ಕು ಗೋಡೆ.

ಈಗ ನಾನು ಬಿ.ಇ. ಸಿವಿಲ್, ಐದನೇ ಸೆಮಿಸ್ಟರ್. ಹೈಡ್ರಾಲಜಿ ಕ್ಲಾಸಿನಲ್ಲಿ ಒಳಹರಿವು, ಹೊರಹರಿವಿನ ಗ್ರಾಫ್ ಬರೆಯುವಾಗೆಲ್ಲ ನವಿಲುತೀರ್ಥದ ಡ್ಯಾಮ್ ಕಣ್ಣ ಮುಂದೆ ಬರುತ್ತದೆ. ಜಲಾಶಯ ತುಂಬಿದ ಮೇಲೆ ಬಂದಷ್ಟನ್ನೂ ಬಿಡಲೇಬೇಕು, ಇಲ್ಲದಿದ್ದರೆ ಅಣೆಕಟ್ಟಿಗೇ ಅಪಾಯ. ಆದರೆ ಕಣಕುಂಬಿಯ ಕಾಡಿನಲ್ಲಿ ಬಿದ್ದ ಮಳೆ ರಾಮದುರ್ಗ ಮುಟ್ಟಲು ಹೊತ್ತು ಬೇಕು. ಮಳೆ ಅಳೆಯಬಹುದು, ನೀರು ಯಾವಾಗ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಬಹುದು, ಗೇಟು ತೆಗೆಯುವ ಮೊದಲೇ ಹೊಳೆದಂಡೆಯ ಮನೆಗಳಿಗೆ ಹೇಳಬಹುದು. ಸುಮ್ಮನಿದ್ದೆ ಯಾಕೆ ಎಂದು ನಾನು ಯಲ್ಲಮ್ಮನಿಗೆ ಕೇಳಿದ ಪ್ರಶ್ನೆ, ಈ ಲೆಕ್ಕ ಕಲಿತ ಮೇಲೆ ನನಗೂ ಬರುತ್ತದೆ.

ಆಯಿ ಈಗ ಮಾಮಾ ಕಟ್ಟಿಸಿದ ಎರಡು ಖೋಲಿಯ ತಗಡಿನ ಮನೆಯಲ್ಲಿದ್ದಾಳೆ, ಊರಿನ ಏರು ಜಾಗದಲ್ಲಿ. ಮಳೆಗಾಲ ಶುರುವಾದರೆ ಸಂಜೆ ಏಳಕ್ಕೆ ತಪ್ಪದೆ ಆಕೆಯ ಫೋನ್.

‘ತಮ್ಮಾ, ಡ್ಯಾಮಿನ್ಯಾಗ ನೀರು ಎಷ್ಟೈತಿ ನೋಡಿದೇನು?’

ಮೊಬೈಲಿನಲ್ಲಿ ನೋಡಿ ಹೇಳುತ್ತೇನೆ. ಇನ್ನೂ ಇಷ್ಟು ಅಡಿ ಬಾಕಿ ಇದೆ, ಇವತ್ತು ಒಳಹರಿವು ಕಡಿಮೆ ಆಗಿದೆ, ಹೆದರಬೇಡ.

‘ಆಕಿಗೆ ಗೊತ್ತೈತಿ ಬಿಡು’ ಎನ್ನುತ್ತಾಳೆ ಆಯಿ. ಫೋನ್ ಇಡುವ ಮೊದಲು ಮತ್ತೆ, ‘ಆದರೂ ನಾಳಿ ಮುಂಜಾನೆ ಇನ್ನೊಮ್ಮೆ ನೋಡಿ ಹೇಳು.’