ಸ್ಟೀರಿಂಗ್ ಪೆಟ್ಟಿಗೆ

ಮೈಸೂರಿನಿಂದ ಹೆಗ್ಗಡದೇವನಕೋಟೆಗೆ ಹೋಗುವ ದಾರಿಯಲ್ಲಿ ಹಂಪಾಪುರವಿದೆ. ಬಸ್ಸು, ಲಾರಿ, ಜೀಪುಗಳು ಈ ಊರನ್ನು ಹಾದು ಹೋಗುತ್ತವೆ. ಚಾಲಕನು ಕೈಯಲ್ಲಿರುವ ಚಕ್ರವನ್ನು ತಿರುಗಿಸಿದ ಮಾತ್ರಕ್ಕೆ ಅಷ್ಟು ಭಾರದ ವಾಹನವು ತಿರುವಿನಲ್ಲಿ ವಿಧೇಯವಾಗಿ ಹೊರಳುವುದು ಹೇಗೆ? ಇದರ ಗುಟ್ಟು ಸ್ಟೀರಿಂಗ್ ಪೆಟ್ಟಿಗೆಯಲ್ಲಿ ಅಡಗಿದೆ.

ಈ ಪೆಟ್ಟಿಗೆಯೊಳಗೆ ತಿರುಪಿನಂತೆ ಎಳೆಗಳುಳ್ಳ ಒಂದು ದಂಡವಿರುತ್ತದೆ. ಅದು ಹಲವು ಬಾರಿ ಸುತ್ತಿದಾಗ ಪೆಟ್ಟಿಗೆಯ ಹೊರಗಿರುವ ಡ್ರಾಪ್ ಆರ್ಮ್ ಎಂಬ ತೋಳು ತುಸುವೇ ಹೊರಳಿ, ಮುಂದಿನ ಗಾಲಿಗಳನ್ನು ತಿರುಗಿಸುತ್ತದೆ. ಚಕ್ರವು 16 ಡಿಗ್ರಿ ತಿರುಗಿದಾಗ ತೋಳು 1 ಡಿಗ್ರಿ ಹೊರಳಿದರೆ, ಘರ್ಷಣೆಯ ನಷ್ಟವನ್ನು ಬಿಟ್ಟು, ತಿರುಗಿಸುವ ಬಲವು 16 ಪಟ್ಟು ಹೆಚ್ಚುತ್ತದೆ.

ನ್ಯೂಟನ್ನನು 1687ರಲ್ಲಿ ಪ್ರಕಟಿಸಿದ ಮೂರನೆಯ ನಿಯಮದಂತೆ ಪ್ರತಿಯೊಂದು ಕ್ರಿಯೆಗೂ ಸಮನಾದ ಪ್ರತಿಕ್ರಿಯೆ ಉಂಟು. ಪೆಟ್ಟಿಗೆಯು ಗಾಲಿಗಳನ್ನು ತಳ್ಳುವಾಗ ಅಷ್ಟೇ ಬಲವು ಪೆಟ್ಟಿಗೆಯನ್ನು ಹಿಂದಕ್ಕೆ ನೂಕುತ್ತದೆ. ಆ ಬಲವನ್ನು ತಾಳಬೇಕಾದುದು ವಾಹನದ ಚಾಸಿ ಮತ್ತು ಅದಕ್ಕೆ ಪೆಟ್ಟಿಗೆಯನ್ನು ಬಿಗಿದ ಕೆಲವೇ ಬೋಲ್ಟುಗಳು. ಅವು ಸಡಿಲಗೊಂಡರೆ ಗಾಲಿ ತಿರುಗುವ ಬದಲು ಪೆಟ್ಟಿಗೆಯೇ ಅಲುಗಾಡುತ್ತದೆ.

ಆದುದರಿಂದ ಸವೆದ ಪೆಟ್ಟಿಗೆಯನ್ನು ಬದಲಿಸುವ ಕುಶಲಕರ್ಮಿಯು ಮೊದಲು ಚಾಸಿಯನ್ನು ಪರೀಕ್ಷಿಸುತ್ತಾನೆ. ತುಕ್ಕನ್ನು ಉಜ್ಜಿ, ಬೋಲ್ಟಿನ ರಂಧ್ರಗಳು ಸವೆದು ಅಗಲವಾಗಿವೆಯೇ, ಸುತ್ತಲೂ ಬಿರುಕುಗಳಿವೆಯೇ ಎಂದು ನೋಡುತ್ತಾನೆ. ಬಿರುಕನ್ನು ಸರಿಪಡಿಸದೆ ಹೊಸ ಪೆಟ್ಟಿಗೆ ಕೂರಿಸುವುದು ಗೆದ್ದಲು ಹಿಡಿದ ತೊಲೆಗೆ ಹೊಸ ಹೆಂಚು ಹೊದಿಸಿದಂತೆ. ಬಳಿಕ ಹಳೆಯ, ಹೊಸ ಪೆಟ್ಟಿಗೆಗಳನ್ನು ಹೋಲಿಸುತ್ತಾನೆ. ತೋಳು ಹೊರಳುವ ದಿಕ್ಕು ಬೇರೆಯಾದರೆ ಎಡಕ್ಕೆ ತಿರುಗಿಸಿದಾಗ ವಾಹನವು ಬಲಕ್ಕೆ ಹೋದೀತು!

ಮುಂದಿನ ಕೆಲಸ ನಡುಸ್ಥಾನವನ್ನು ಗುರುತಿಸುವುದು. ದಂಡವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಮೆಲ್ಲಗೆ ತಿರುಗಿಸಿ ಸುತ್ತುಗಳನ್ನು ಎಣಿಸಬೇಕು. ನಾಲ್ಕು ಸುತ್ತುಗಳಾದರೆ ಎರಡು ಸುತ್ತು ಹಿಂದಿರುಗಿಸಬೇಕು. ಗಾಲಿಗಳು ನೇರವಾಗಿರುವಾಗಲೇ ತೋಳನ್ನು ಗುರುತಿಗೆ ಸರಿಯಾಗಿ ಜೋಡಿಸಬೇಕು. ಇಲ್ಲವಾದರೆ ವಾಹನವು ಒಂದು ಕಡೆಗೆ ಹೆಚ್ಚು, ಮತ್ತೊಂದು ಕಡೆಗೆ ಕಡಿಮೆ ತಿರುಗುತ್ತದೆ.

ಬೋಲ್ಟುಗಳನ್ನೆಲ್ಲ ಮೊದಲು ಕೈಯಿಂದಲೇ ಹೊಗಿಸಿ, ಅನಂತರ ಒಂದೊಂದನ್ನೂ ಸ್ವಲ್ಪಸ್ವಲ್ಪವಾಗಿ, ತಯಾರಕರು ಸೂಚಿಸಿದಷ್ಟೇ ಬಿಗಿಯಬೇಕು. ಓರೆಯಾಗಿ ಕುಳಿತ ಪೆಟ್ಟಿಗೆಯನ್ನು ಬಲವಂತದಿಂದ ಎಳೆದು ಬಿಗಿದರೆ ದಂಡವು ಬಿಗಿಹಿಡಿಯುತ್ತದೆ. ಎಣ್ಣೆ ತುಂಬಿ, ಗಾಲಿಗಳನ್ನು ಎತ್ತಿ ನಿಲ್ಲಿಸಿ, ಎರಡೂ ಕಡೆಗೆ ತಿರುಗಿಸಿ ನೋಡಬೇಕು. ಸ್ವಲ್ಪ ದೂರ ಓಡಿಸಿದ ಮೇಲೆ ಬೋಲ್ಟುಗಳ ಬಿಗಿತವನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

ಬಸ್ಸಿನಲ್ಲಿ ಕುಳಿತು ಶಾಲೆಗೆ ಹೋಗುವ ಮಕ್ಕಳು ಆ ಬೋಲ್ಟುಗಳನ್ನು ನೋಡುವುದಿಲ್ಲ. ಬಿಗಿದವರ ಹೆಸರನ್ನೂ ತಿಳಿಯರು. ಆದರೆ ಪ್ರತಿಯೊಂದು ತಿರುವಿನಲ್ಲಿಯೂ ಅವರ ಪ್ರಾಣವು ಆ ಕೈಗಳ ಎಚ್ಚರಿಕೆಯನ್ನು ನಂಬಿರುತ್ತದೆ.